ಮೀಲಿಯರಿಸಂ: ಜಾರ್ಜ್ ಎಲಿಯಟ್ ಒಪ್ಪಿಕೊಂಡ ಹಣೆಪಟ್ಟಿ

ಎಲ್ಲ ಒಳ್ಳೆಯದೇ ಆಗುತ್ತದೆ ಅನ್ನುವವರು ಆಶಾವಾದಿಗಳು. ಏನು ಮಾಡಿದರೂ ಅಷ್ಟೇ ಅನ್ನುವವರು ನಿರಾಶಾವಾದಿಗಳು. ಈ ಎರಡೂ ಗುಂಪಿಗೆ ಸೇರದವರು ಮೀಲಿಯರಿಸ್ಟ್. ಲೋಕ ತಾನಾಗಿ ಸುಧಾರಿಸುವುದಿಲ್ಲ, ಆದರೆ ನಾವು ಕೈ ಹಾಕಿದರೆ ಈಗಿರುವುದಕ್ಕಿಂತ ಸ್ವಲ್ಪ ವಾಸಿಯಾಗಬಹುದು ಅನ್ನುವುದು ಅವರ ನಂಬಿಕೆ. 1877ರಲ್ಲಿ ಇಂಗ್ಲಿಷ್ ಕಾದಂಬರಿಗಾರ್ತಿ ಜಾರ್ಜ್ ಎಲಿಯಟ್ ಒಂದು ಪತ್ರದಲ್ಲಿ, ಈ ಪದವನ್ನು ನನ್ನನ್ನು ಬಿಟ್ಟು ಬೇರೆ ಯಾರೂ ಬಳಸಿದ್ದು ಕೇಳಿಲ್ಲ ಎಂದು ಬರೆದಿದ್ದರು.

ಎಲಿಯಟ್ ಅವರ ನಿಜವಾದ ಹೆಸರು ಮೇರಿ ಆ್ಯನ್ ಇವಾನ್ಸ್. ಹುಟ್ಟಿದ್ದು 1819ರಲ್ಲಿ, ಇಂಗ್ಲೆಂಡಿನ ವಾರಿಕ್‌ಶೈರ್‌ನಲ್ಲಿ. 22ನೇ ವಯಸ್ಸಿಗೆ ನಂಬಿಕೆ ಕಳೆದುಕೊಂಡು ಇನ್ನು ಚರ್ಚಿಗೆ ಬರುವುದಿಲ್ಲ ಅಂದುಬಿಟ್ಟರು. ಅಪ್ಪ ಕೆಂಡವಾದರು. ಕೆಲವು ತಿಂಗಳ ಜಗಳದ ನಂತರ ಅಪ್ಪನ ಜೊತೆ ಚರ್ಚಿಗೆ ಹೋಗಲು ಒಪ್ಪಿದರು, ಆದರೆ ವಿಚಾರ ಬಿಡಲಿಲ್ಲ. 1849ರಲ್ಲಿ ಅಪ್ಪ ತೀರಿಕೊಳ್ಳುವವರೆಗೂ ಸೇವೆ ಮಾಡಿದ್ದು ಈ ಮಗಳೇ. ಮೇಲಿನಿಂದ ಯಾರೂ ಬಂದು ಸರಿಮಾಡುವುದಿಲ್ಲ ಅಂದಮೇಲೆ ಪಕ್ಕದವರ ಕಷ್ಟಕ್ಕೆ ನಾವೇ ಆಗಬೇಕು, ಅಲ್ವಾ? ಅವರ ಮೀಲಿಯರಿಸಂ ಹುಟ್ಟಿದ್ದು ಇಲ್ಲಿಂದಲೇ ಅಂತ ನನಗನ್ನಿಸುತ್ತದೆ.

ಇದು ಎಷ್ಟು ಕಷ್ಟದ ಕೆಲಸ ಅನ್ನುವುದಕ್ಕೆ 1871–72ರಲ್ಲಿ ಬಂದ ಅವರ ಕಾದಂಬರಿ 'ಮಿಡಲ್‌ಮಾರ್ಚ್' ನೋಡಿ. ಡಾಕ್ಟರ್ ಲಿಡ್‌ಗೇಟ್ ಮೇಲೆ ಊರೆಲ್ಲ ಲಂಚದ ಅನುಮಾನ. ಅವನ ಹೆಂಡತಿ ರೋಸಮಂಡ್‌ಗೆ ಧೈರ್ಯ ಹೇಳಲು ಹೋದ ಕಥಾನಾಯಕಿ ಡೊರೊಥಿಯಾ, ತಾನು ಪ್ರೀತಿಸುವ ವಿಲ್ ರೋಸಮಂಡ್ ಪಕ್ಕದಲ್ಲೇ ಕೂತು ಕೈ ಹಿಡಿದುಕೊಂಡಿರುವುದನ್ನು ನೋಡುತ್ತಾಳೆ. ಆ ರಾತ್ರಿ ಬರಿ ನೆಲದ ಮೇಲೆ ಬಿದ್ದು ಅಳುತ್ತಾಳೆ. ಬೆಳಗ್ಗೆ ಪರದೆ ಸರಿಸಿದರೆ ದಾರಿಯಲ್ಲಿ ಬೆನ್ನ ಮೇಲೆ ಗಂಟು ಹೊತ್ತ ಒಬ್ಬ ಗಂಡಸು, ಕೂಸು ಎತ್ತಿಕೊಂಡ ಒಬ್ಬ ಹೆಂಗಸು. ಲೋಕ ತನ್ನ ದುಡಿಮೆಗೆ ಎದ್ದಾಗಿದೆ. ತನ್ನ ನೋವು ಹಾಗೇ ಇದ್ದರೂ ಡೊರೊಥಿಯಾ ಅದೇ ದಿನ ಮತ್ತೆ ಅದೇ ಮನೆಗೆ ಹೋಗಿ, ನಿಮ್ಮ ಗಂಡನ ಮೇಲೆ ನಮಗೆ ನಂಬಿಕೆ ಇದೆ ಅಂತ ಹೇಳುತ್ತಾಳೆ.

ಸುಮ್ನೆ ಎಲ್ಲ ಸರಿಹೋಯಿತು ಅಂತ ಎಲಿಯಟ್ ಮುಗಿಸುವುದಿಲ್ಲ, ನನಗೆ ತುಂಬಾ ಇಷ್ಟವಾಗುವುದೂ ಅದೇ. ಲಿಡ್‌ಗೇಟ್ ತಾನು ಸೋತೆ ಅಂದುಕೊಂಡೇ 50ನೇ ವಯಸ್ಸಿಗೆ ಸಾಯುತ್ತಾನೆ. ರೋಸಮಂಡ್ ಕೂಡ ಜಾಸ್ತಿ ಬದಲಾಗುವುದಿಲ್ಲ. ಆದರೆ ಅವತ್ತು, ವಿಲ್ ಪ್ರೀತಿಸುವುದು ನಿಮ್ಮನ್ನೇ ಅಂತ ಅವಳೇ ಬಾಯಿಬಿಟ್ಟು ಹೇಳುತ್ತಾಳೆ, ಆಮೇಲೆ ಡೊರೊಥಿಯಾ ಬಗ್ಗೆ ಒಂದು ಹಗುರ ಮಾತೂ ಆಡುವುದಿಲ್ಲ.