ಸ್ಪೀಚ್ ಕೋಡೆಕ್ ಅಂದ್ರೆ ಏನು? ವಿಡಿಯೋದಿಂದ ಬರೀ ಮಾತು ಎತ್ಕೊಳ್ಳೋ ವಿಷ್ಯ

ಹೋದ ಜುಲೈನಲ್ಲಿ ಕೊಡಗಿನ ನಾಪೋಕ್ಲು ಕಡೆ ಇರೋ ನಮ್ಮ ಮಾವ ಫೋನ್ ಮಾಡಿ "ಆ ಮೆಣಸಿನ ಬಳ್ಳಿ ಸೊರಗು ರೋಗದ ವಿಡಿಯೋ ಕಳಿಸಿದ್ಯಲ್ಲ, ಓಪನ್ನೇ ಆಗ್ತಿಲ್ಲ ಮಾರಾಯ, ಸುಮ್ನೆ ಸುತ್ತುತ್ತಾ ಇದೆ" ಅಂದ್ರು. ಒಂದು ಗಂಟೆ ವಿಡಿಯೋ, 600 ಎಂಬಿ ಚಿಲ್ರೆ, ಅಲ್ಲಿ ನೋಡಿದ್ರೆ ಮಳೆಗೆ ಕರೆಂಟ್ ಹೋಗಿ ಮೂರು ದಿನ, ಸಿಗ್ನಲ್ ಒಂದು ಕಡ್ಡಿ ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ. ವಿಡಿಯೋದಲ್ಲಿ ನೋಡೋಕಾದ್ರೂ ಏನಿತ್ತು, ಒಬ್ರು ಕುರ್ಚೀಲಿ ಕೂತು ಮಾತಾಡ್ತಾರೆ ಅಷ್ಟೆ. ಮಾತು ಮಾತ್ರ ಎತ್ತಿ ಎಎಂಆರ್ ಅನ್ನೋ ಸಣ್ಣ ಧ್ವನಿ ಫೈಲ್ ಮಾಡ್ದೆ, ಐದೂವರೆ ಎಂಬಿಗೆ ಇಳೀತು.

ಎಂಪಿ4 ಅನ್ನೋದು ಒಂದು ಡಬ್ಬಿ ಇದ್ದಂಗೆ, ಒಳಗೆ ಚಿತ್ರ ಬೇರೆ ಧ್ವನಿ ಬೇರೆ ಇರುತ್ತೆ. ಧ್ವನಿನ ಇದ್ದ ಹಾಗೇ ಹೊರಗೆ ತೆಗೆದ್ರೆ ಒಂಚೂರೂ ಕೆಡಲ್ಲ, ಆದ್ರೆ 128 ಕೆಬಿಪಿಎಸ್ (ಸೆಕೆಂಡಿಗೆ 128 ಸಾವಿರ ಬಿಟ್) ಇದ್ರೆ ಗಂಟೆಗೆ ಇನ್ನೂ 57 ಎಂಬಿ ಉಳ್ಕೊಳ್ಳುತ್ತೆ. ಅದನ್ನ ಇನ್ನೂ ಹಿಂಡೋಕೆ ಬೇಕಾಗೋದೇ ಸ್ಪೀಚ್ ಕೋಡೆಕ್, ಅಂದ್ರೆ ಮನುಷ್ಯನ ಮಾತಿಗೆ ಅಂತಲೇ ಮಾಡಿರೋ, ಧ್ವನಿನ ಹಿಂಡಿ ಮತ್ತೆ ಬಿಚ್ಚೋ ವಿಧಾನ.

ಎಂಪಿ3 ನಮ್ಮ ಕಿವಿನ ನಂಬ್ಕೊಂಡು ಕೆಲ್ಸ ಮಾಡುತ್ತೆ, ಕೇಳಿಸ್ದೇ ಇರೋದನ್ನ ಬಿಸಾಕುತ್ತೆ. ಸ್ಪೀಚ್ ಕೋಡೆಕ್ ನಂಬೋದು ಗಂಟಲನ್ನ. ಗಂಟಲಲ್ಲಿ ನಾದ ಹುಟ್ಟುತ್ತೆ, ಬಾಯಿ ನಾಲಿಗೆ ಅದಕ್ಕೆ ಆಕಾರ ಕೊಡುತ್ತೆ ಅಲ್ವಾ, ಈ ಕೋಡೆಕ್ಕು 20 ಮಿಲಿಸೆಕೆಂಡಿಗೊಂದ್ಸಲ ಬಾಯಿ ಹೆಂಗಿತ್ತು, ಗಂಟಲಿನ ಶ್ರುತಿ ಎಷ್ಟಿತ್ತು ಅನ್ನೋ ಲೆಕ್ಕ ಬರ್ಕೊಳ್ಳುತ್ತೆ, ಆ ಲೆಕ್ಕ ನೋಡ್ಕೊಂಡು ಕೇಳೋರ ಫೋನು ಮಾತನ್ನ ಮತ್ತೆ ಕಟ್ಟುತ್ತೆ. ಎಎಂಆರ್‌ನಲ್ಲಿ ಅಷ್ಟು ಹೊತ್ತಿನ 160 ಅಳತೆ, ಅಂದ್ರೆ ಸ್ಯಾಂಪಲ್‌ಗೆ ಸಿಗೋದು ಜಾಸ್ತಿ ಅಂದ್ರೆ 244 ಬಿಟ್, ಅದೇ 12.2 ಕೆಬಿಪಿಎಸ್.

ಎಎಂಆರ್ ಅಂದ್ರೆ ಅಡಾಪ್ಟಿವ್ ಮಲ್ಟಿ ರೇಟ್. 1999ರಲ್ಲಿ ಮೊಬೈಲ್ ಕಾಲ್‌ಗೆ ಅಂತ ಮೊಬೈಲ್ ನಿಯಮ ರೂಪಿಸೋ 3ಜಿಪಿಪಿ ಸಂಸ್ಥೆ ಒಪ್ಪಿಕೊಂಡಿದ್ದು, 4.75ರಿಂದ 12.2ರ ತನಕ ಎಂಟು ರೇಟ್ ಇದೆ. ಸಿಗ್ನಲ್ ಕೆಟ್ಟಾಗ ಮಾತಿಗೆ ಕೊಡೋ ಬಿಟ್ ಕಮ್ಮಿ ಮಾಡಿ, ಮಿಕ್ಕಿದ್ದನ್ನ ಎರರ್ ಸರಿಮಾಡೋಕೆ ಇಟ್ಕೊಳ್ಳುತ್ತೆ. ತೋಟದ ಮೂಲೇಲಿ ನಿಂತು ಮಾತಾಡುವಾಗ ದನಿ ತಗಡು ತಗಡಾದ್ರೂ ಕಾಲ್ ಕಟ್ಟಾಗ್ದೇ ಇರುತ್ತಲ್ಲ, ಅದ್ರ ಹಿಂದೆ ಇಂಥ ಉಪಾಯಗಳೇ ಇರೋದು.

ಗಂಟಲಿನ ಲೆಕ್ಕ ಅಂದ್ನಲ್ಲ, ಯಡವಟ್ಟಾಗೋದೂ ಅಲ್ಲೇ. ಉಮೇದಲ್ಲಿ ಮನೆ ಮದುವೆಯ ಬಾಳೋಪಾಟ್ (ಕೊಡವರ ಸಾಂಪ್ರದಾಯಿಕ ಹಾಡು) ವಿಡಿಯೋನೂ ಹಿಂಗೇ ಮಾಡಿ ಮಾವನಿಗೆ ಕಳಿಸ್ದೆ. ನಾಲ್ಕು ಜನ ಒಟ್ಟಿಗೆ ಹಾಡ್ತಾರೆ, ಕೈಯಲ್ಲಿ ದುಡಿ. ಕೋಡೆಕ್ಕಿಗೆ ಒಂದು ಗಂಟಲು ಗೊತ್ತು, ನಾಲ್ಕು ಗಂಟಲು ಜೊತೆಗೆ ಚರ್ಮವಾದ್ಯ ಬಂದ್ರೆ ಅದು ಏನ್ ಮಾಡೀತು, ದುಡಿ ಅನ್ನೋದು ಟಿನ್ ಡಬ್ಬೀಲಿ ಕಲ್ಲು ಅಲ್ಲಾಡಿಸ್ದಂಗೆ ಕೇಳ್ತಿತ್ತು. ಮಾವ ಬೈದಿದ್ದು ಇಲ್ಲಿ ಬರೆಯೋಹಂಗಿಲ್ಲ. ಶೀಟಿನ ಮೇಲೆ ಮಳೆ ಬೀಳ್ತಿರುವಾಗ ರೆಕಾರ್ಡ್ ಮಾಡಿದ ಮಾತೂ ಅಷ್ಟೆ, ನೀರೊಳಗಿಂದ ಮಾತಾಡ್ದಂಗಿರುತ್ತೆ. ಅದೂ ಅಲ್ದೆ ಸೆಕೆಂಡಿಗೆ ಬರೀ 8000 ಸ್ಯಾಂಪಲ್ ಆಗಿರೋದ್ರಿಂದ 4000 ಹರ್ಟ್ಜ್ ಮೇಲಿನದೆಲ್ಲ ಹೋಗಿರುತ್ತೆ, ಸ ಯಾವುದು ಫ ಯಾವುದು ಗೊತ್ತಾಗಲ್ಲ.

ಈಗ ನಾನು ಜಾಸ್ತಿ ಬಳಸೋದು ಓಪಸ್ ಅನ್ನೋ ಇನ್ನೊಂದು ಕೋಡೆಕ್. 2012ರಲ್ಲಿ ಬಂದಿದ್ದು, ವಾಟ್ಸಾಪ್ ವಾಯ್ಸ್ ನೋಟ್ ಹೋಗೋದೂ ಇದ್ರಲ್ಲೇ. ಒಳಗೆ ಮಾತಿಗೊಂದು ಸಂಗೀತಕ್ಕೊಂದು ದಾರಿ ಇದೆ, ಬೇಕಾದ್ದನ್ನ ಅದೇ ಆರಿಸ್ಕೊಳ್ಳುತ್ತೆ. ಕನ್ವರ್ಟ್ ಮಾಡೋವಾಗ ಸ್ಟೀರಿಯೋ ತೆಗೆದು ಮೋನೋ ಮಾಡಿ, ಒಂದೇ ಬಾಯಿ ಮಾತಿಗೆ ಎರಡು ಚಾನೆಲ್ ದಂಡ. 16 ಕೆಬಿಪಿಎಸ್ ಇಟ್ರೆ ಗಂಟೆಗೆ 7 ಎಂಬಿ ಆಗುತ್ತೆ, ಮಾತು ಎಎಂಆರ್‌ಗಿಂತ ಎಷ್ಟೋ ಚೆಂದ. ಹಳೇ ಕೀಪ್ಯಾಡ್ ಫೋನ್ ಇರೋರಿಗೆ ಮಾತ್ರ ಎಎಂಆರೇ ಸರಿ. ಎಎಂಆರ್ ಮಾಡಿದ್ದನ್ನ ವಾಪಸ್ ಎಂಪಿ3 ಮಾಡಿದ್ರೆ ಕ್ವಾಲಿಟಿ ಬರುತ್ತಾ ಅಂತ ಕೇಳ್ತಾರೆ. ಇಲ್ಲ, ಫೈಲ್ ದಪ್ಪ ಆಗುತ್ತೆ ಅಷ್ಟೆ. ಅದಕ್ಕೇ ಆ ಮದುವೆ ವಿಡಿಯೋ ನಾನು ಡಿಲೀಟ್ ಮಾಡಿಲ್ಲ, ಪೆನ್‌ಡ್ರೈವಿಗೆ ಹಾಕಿ ಮಾವನ ಮನೆಗೇ ತಗೊಂಡ್ಹೋಗಿ ಕೊಟ್ಟೆ.