ಮೆರ್ಲಿನ್ ಎಲ್ಲಿಂದ ಬಂದ? ಕಾಡು ಸೇರಿದ ಮೂರು ಹುಚ್ಚರ ನೋಟ್ಸ್

ಆರ್ಥರ್ ರಾಜನ ಕಥೆಗಳ ಮಾಂತ್ರಿಕ ಮೆರ್ಲಿನ್ ಅಂದ ತಕ್ಷಣ ಉದ್ದ ಗಡ್ಡ, ಚೂಪು ಟೋಪಿ, ಕೈಯಲ್ಲೊಂದು ಕೋಲು ಕಣ್ಮುಂದೆ ಬರುತ್ತಲ್ಲ, ಓದೋಕೆ ಕೂರೋ ಮುಂಚೆ ಅದನ್ನ ಪಕ್ಕಕ್ಕಿಡಿ. ವೆಲ್ಷ್, ಅಂದ್ರೆ ವೇಲ್ಸ್ ನಾಡಿನ, ಹಳೇ ಪದ್ಯಗಳಲ್ಲಿ ಇರೋನು ಮರ್ದಿನ್, ಯುದ್ಧ ನೋಡಿ ತಲೆಕೆಟ್ಟು ಕಾಡು ಸೇರಿದವನು. 573ರಲ್ಲಿ ಆರ್ವ್‌ದೆರಿದ್ ಅನ್ನೋ ಕಡೆ, ಅಂದ್ರೆ ಈಗಿನ ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿ ಹತ್ರ, ನಡೆದ ಕಾಳಗದಲ್ಲಿ ಅವನ ಒಡೆಯ ಗ್ವೆಂದೊಲೈ ಸತ್ತ, ಇವನು ಕಾಡಲ್ಲಿ ಸೇಬಿನ ಮರದ ಹತ್ರ, ಹಂದಿಮರಿ ಹತ್ರ ಗೋಳು ಹೇಳ್ಕೊಂಡು, ಮುಂದೆ ಆಗೋದನ್ನ ನುಡೀತಾ ಉಳಿದ. ಈ ಪದ್ಯಗಳು ಸುಮಾರು 1250ರ ಕಾರ್ಮಾರ್ಥೆನ್ ಕಪ್ಪು ಪುಸ್ತಕ ಅನ್ನೋ ವೆಲ್ಷ್ ಹಸ್ತಪ್ರತಿಯಲ್ಲಿವೆ.

ಸ್ಕಾಟ್ಲೆಂಡ್ ಕಡೆ ಹೋದ್ರೆ ಇವನ ಜೋಡಿ ಲೈಲೋಕೆನ್. ಗ್ಲಾಸ್ಗೋದ ಸಂತ ಕೆಂಟಿಗರ್ನ್ ಮುಂದೆ, ನಾನು ಮೂರು ಥರ ಸಾಯ್ತೀನಿ ಅಂತಾನೆ, ಯಾರೂ ನಂಬಲ್ಲ. ಆಮೇಲೆ ಕುರಿ ಕಾಯೋರು ಹೊಡೀತಾರೆ, ಟ್ವೀಡ್ ನದಿ ದಡದಿಂದ ಬಿದ್ದು ಗೂಟ ಚುಚ್ಚುತ್ತೆ, ತಲೆ ನೀರಲ್ಲಿ ಮುಳುಗುತ್ತೆ. ಮೂರೂ ಆಯ್ತು.

ನಂಗೆ ತುಂಬಾ ಹಿಡಿಸಿದ್ದು ಐರ್ಲೆಂಡಿನ ರಾಜ ಸ್ವೀವ್ನೆ. ಸಂತ ರೋನನ್ ಇಗರ್ಜಿಗೆ ಜಾಗ ಗುರುತು ಹಾಕ್ತಿದ್ದಾನೆ ಅಂತ ಸಿಟ್ಟಾಗಿ ಓಡ್ತಾನೆ, ಹೆಂಡ್ತಿ ತಡೆಯೋಕೆ ಅಂತ ಮೇಲಂಗಿ ಹಿಡ್ಕೊಂಡ್ರೆ ಅಂಗಿ ಅವಳ ಕೈಯಲ್ಲೇ ಉಳಿದು ಇವನು ಬೆತ್ತಲೆ ಹೋಗಿ ಸಂತನ ಕೀರ್ತನೆ ಪುಸ್ತಕಾನ ಕೆರೆಗೆ ಎಸೀತಾನೆ, ಮಾರನೇ ದಿನ ನೀರುನಾಯಿ ಅದನ್ನ ಒಂದಕ್ಷರ ಅಳಿಸದೆ ತಂದುಕೊಡುತ್ತೆ! ಆ ಸಂತನ ಶಾಪ ತಟ್ಟಿ 637ರ ಮಾಗ್ ರಾ ಯುದ್ಧದಲ್ಲಿ ಹುಚ್ಚು ಹಿಡಿದು, ಹಕ್ಕಿ ಥರ ಮರದಿಂದ ಮರಕ್ಕೆ ಹಾರ್ಕೊಂಡು ನೀರಲ್ಲಿ ಬೆಳೆಯೋ ಸೊಪ್ಪು ತಿಂದ್ಕೊಂಡು ವರ್ಷಗಟ್ಟಲೆ ಅಲೀತಾನೆ. ಕೊನೆಗೆ ಸಂತ ಮೊಲಿಂಗ್ ಮಠದಲ್ಲಿ ಅಡುಗೆಯವಳು ಸೆಗಣಿಗೆ ಹಿಮ್ಮಡಿ ಒತ್ತಿ, ಆ ಗುಳಿಗೆ ಹಾಲು ಹಾಕ್ತಾಳೆ, ರಾಜ ಬಗ್ಗಿ ಕುಡೀತಾನೆ. ಅವಳ ಗಂಡ ಹಂದಿ ಕಾಯೋನು, ಹೊಟ್ಟೆಕಿಚ್ಚಿಗೆ ಈಟಿಯಿಂದ ತಿವೀತಾನೆ.

ಗಮನಿಸಿ, ಕೊನೇ ಇಬ್ಬರ ಕಥೇಲೂ ಸಾವಿನ ಹೊತ್ತಿಗೆ ಒಬ್ಬ ಸಂತ ಕ್ರೈಸ್ತರ ಕೊನೇ ಪ್ರಸಾದ ಕೊಡೋಕೆ ಹಾಜರ್. ಬರೆದಿದ್ದು ಚರ್ಚಿನವರು ತಾನೇ, ಹುಚ್ಚನ್ನ ಹಾಗೇ ಕಾಡಲ್ಲಿ ಬಿಡ್ತಾರಾ.

ಹಾಗಾದ್ರೆ ಮಾಂತ್ರಿಕ ಹುಟ್ಟಿದ್ದೆಲ್ಲಿ? ಮಾನ್‌ಮೌತ್‌ನ ಜೆಫ್ರಿ ಅನ್ನೋ ಲೇಖಕ 1136ರ ಸುಮಾರಿಗೆ, 9ನೇ ಶತಮಾನದ ಕಥೆಯಿಂದ ಅಂಬ್ರೋಸಿಯಸ್ ಅನ್ನೋ ಅಪ್ಪನಿಲ್ಲದ ಹುಡುಗನ್ನ ಎತ್ಕೊಂಡ (ರಾಜನ ಕೋಟೆ ಯಾಕೆ ನಿಲ್ತಿಲ್ಲ, ಅಡಿಯಲ್ಲಿ ಕೆಂಪು-ಬಿಳಿ ಡ್ರ್ಯಾಗನ್‌ಗಳಿವೆ ಅಂತ ಹೇಳಿದ ಹುಡುಗ), ಮೆರ್ಲಿನ್ ಅಂತ ಹೆಸರಿಟ್ಟ. 1150ರ ಸುಮಾರಿಗೆ ಕಾಡಿನ ಹುಚ್ಚನ ಕಥೇನೂ ಅದೇ ಹೆಸರಿಗೆ ಅಂಟಿಸಿದ. ಹೊಲಿಗೆ ಕಾಣ್ತಿತ್ತು, ಅದಕ್ಕೇ ಅದೇ ಶತಮಾನದ ಕೊನೇಲಿ ವೇಲ್ಸಿನ ಜೆರಾಲ್ಡ್ ಅನ್ನೋ ಇನ್ನೊಬ್ಬ ಲೇಖಕ, ಮೆರ್ಲಿನ್ ಇಬ್ಬರು, ಒಬ್ಬ ಅಂಬ್ರೋಸಿಯಸ್, ಇನ್ನೊಬ್ಬ ಕಾಡಿನವನು ಅಂತ ಬೇರೆ ಮಾಡಿ ಬರೆದ.