ಪೈಲಟ್‌ಗೂ ಆರು ತಿಂಗಳಿಗೊಮ್ಮೆ ಪರೀಕ್ಷೆ

ಬಳ್ಳಾರಿಯ ಏಪ್ರಿಲ್ ಮಧ್ಯಾಹ್ನ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಅಂಥ ಹೊತ್ತಲ್ಲಿ ತೋರಣಗಲ್ಲು ಪಕ್ಕದ ವಿದ್ಯಾನಗರ ವಿಮಾನ ನಿಲ್ದಾಣದಿಂದ ಎರಡು ಪ್ರೊಪೆಲ್ಲರ್ ಎಂಜಿನ್ನಿನ ಒಂದು ಎಟಿಆರ್-72 ವಿಮಾನ ಮೇಲೇಳಬೇಕು ಅಂದುಕೊಳ್ಳಿ. 42 ಡಿಗ್ರಿಯ ಗಾಳಿ 15 ಡಿಗ್ರಿಯ ಗಾಳಿಗಿಂತ ಸುಮಾರು ಶೇ. 9ರಷ್ಟು ತೆಳು. ಹಾಗಾಗಿ ರೆಕ್ಕೆಗೆ ಸಿಗುವ ಎತ್ತುವ ಬಲ ಕಡಿಮೆ, ಎಂಜಿನ್ ಶಕ್ತಿಯೂ ಕಡಿಮೆ. ರನ್‌ವೇ ಮೇಲೆ ಜಾಸ್ತಿ ದೂರ ಓಡಬೇಕು, ಎದ್ದ ಮೇಲೂ ನಿಧಾನವಾಗಿ ಏರಬೇಕು. ಆಗಲೇ ಒಂದು ಎಂಜಿನ್ ಕೈಕೊಟ್ಟರೆ?

ವಿಮಾನದ ಮೂಗು ನಿಂತ ಎಂಜಿನ್ ಕಡೆಗೆ ತಿರುಗುತ್ತದೆ. ಇನ್ನೊಂದು ಬದಿಯ ಪೆಡಲ್ ಒತ್ತಿ ನೇರ ಮಾಡಬೇಕು. ನಿಂತ ಎಂಜಿನ್ನಿನ ಪ್ರೊಪೆಲ್ಲರ್ ಅಲಗುಗಳು ಗಾಳಿಗೆ ಅಂಚು ಕೊಟ್ಟು ನಿಲ್ಲಬೇಕು, ಇಲ್ಲದಿದ್ದರೆ ಅವೇ ವಿಮಾನವನ್ನು ಹಿಂದಕ್ಕೆ ಜಗ್ಗುತ್ತವೆ. ಆಮೇಲೆ ಕೆಟ್ಟಿದ್ದು ಯಾವ ಎಂಜಿನ್ ಅಂತ ಇಬ್ಬರು ಪೈಲಟ್‌ಗಳೂ ಬಾಯಿಬಿಟ್ಟು ಹೇಳಿ, ಖಾತ್ರಿ ಮಾಡಿಕೊಂಡು, ಲಿವರ್ ಮುಟ್ಟಬೇಕು. ಇದು ಸುಮ್ನೆ ಶಾಸ್ತ್ರಕ್ಕೆ ಹೇಳೋದಲ್ಲ. 2015ರ ಫೆಬ್ರವರಿ 4ರಂದು ತೈಪೆಯಲ್ಲಿ ಮೇಲೆದ್ದ ಟ್ರಾನ್ಸ್‌ಏಷ್ಯಾದ ಎಟಿಆರ್-72ರಲ್ಲಿ ತೊಂದರೆ ಇದ್ದದ್ದು ಬಲಗಡೆ. ಕ್ಯಾಪ್ಟನ್ ಬಂದ್ ಮಾಡಿದ್ದು ಚೆನ್ನಾಗಿ ಓಡುತ್ತಿದ್ದ ಎಡಗಡೆಯ ಎಂಜಿನ್ನನ್ನು. 43 ಜನ ಸತ್ತರು.

ಇಂಥ ಗಳಿಗೆಗೆ ತಯಾರಾಗಲೆಂದೇ ನಮ್ಮ ದೇಶದಲ್ಲೂ ವಿಮಾನಯಾನ ಸಂಸ್ಥೆಗಳ ಪೈಲಟ್‌ಗಳು ಆರು ತಿಂಗಳಿಗೊಮ್ಮೆ ಪರೀಕ್ಷೆ ಕೊಡಬೇಕು. ಹೆಚ್ಚಾಗಿ ಇದು ನಡೆಯುವುದು ಸಿಮ್ಯುಲೇಟರಿನಲ್ಲಿ, ಅಂದರೆ ನೆಲದ ಮೇಲೇ ಹಾರಾಟದ ಅನುಭವ ಕೊಡುವ ಯಂತ್ರದಲ್ಲಿ. ಮಾಮೂಲಿ ದಿನಗಳಲ್ಲಿ ಹಾರಾಟದ ಬಹುಪಾಲು ಆಟೋಪೈಲಟ್, ಅಂದರೆ ವಿಮಾನವನ್ನು ತಾನೇ ಹಾರಿಸುವ ಯಂತ್ರದ ಕೈಯಲ್ಲಿ. ಅದರಿಂದ ಪ್ರಯಾಣ ಸುರಕ್ಷಿತವಾಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ದಿಢೀರನೆ ಕೈಬಿಟ್ಟರೆ? 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರದ ಮೇಲೆ ಏರ್ ಫ್ರಾನ್ಸ್ 447ರಲ್ಲಿ ಆಗಿದ್ದು ಅದೇ. ವೇಗ ಅಳೆಯುವ ಕೊಳವೆಗಳಿಗೆ ಮಂಜುಗಡ್ಡೆ ಕಟ್ಟಿಕೊಂಡಿತು. ವೇಗದ ಲೆಕ್ಕ ತಪ್ಪಿ ಆಟೋಪೈಲಟ್ ಕಳಚಿಕೊಂಡಿತು. ವಿಮಾನ ಹಾರುವ ಸ್ಥಿತಿಯಲ್ಲೇ ಇತ್ತು. ಆದರೆ ಸಹಪೈಲಟ್ ಮೂಗನ್ನು ಮೇಲೆತ್ತುತ್ತಲೇ ಹೋದರು. ರೆಕ್ಕೆ ಗಾಳಿಗೆ ವಿಪರೀತ ಓರೆಯಾದರೆ ಅದರ ಮೇಲ್ಮೈಯಿಂದ ಗಾಳಿ ಕಿತ್ತುಕೊಳ್ಳುತ್ತದೆ, ಎತ್ತುವ ಬಲ ಕುಸಿಯುತ್ತದೆ. ಇದೇ ಸ್ಟಾಲ್. ಆಗ ಮೂಗು ಕೆಳಗೆ ತಗ್ಗಿಸಬೇಕು ಅನ್ನೋದು ಪೈಲಟ್ ಕಲಿಯುವ ಮೊದಮೊದಲ ಪಾಠ. ಸ್ಟಾಲ್ ಎಚ್ಚರಿಕೆಯ ದನಿ ಮತ್ತೆ ಮತ್ತೆ ಕೂಗಿತು. ಐದು ನಿಮಿಷದೊಳಗೆ ವಿಮಾನ ಸಮುದ್ರಕ್ಕೆ ಬಿತ್ತು. 228 ಜನ ಹೋದರು.

ಹಾಗಾದರೆ ಕೈ ಪಳಗಿದ್ದು ತಪ್ಪಿ ಹೋಗುತ್ತದಾ? ನಾಸಾದ ಸ್ಟೀಫನ್ ಕ್ಯಾಸ್ನರ್ ಮತ್ತು ಸಂಗಡಿಗರು 16 ಪೈಲಟ್‌ಗಳನ್ನು ಬೋಯಿಂಗ್ 747-400 ಸಿಮ್ಯುಲೇಟರಿನಲ್ಲಿ ಕೂರಿಸಿ ನೋಡಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೈಚಳಕ ಬಹುಮಟ್ಟಿಗೆ ಉಳಿದಿತ್ತು. ಚಿಕ್ಕಂದಿನಲ್ಲಿ ಎಚ್‌ಎಲ್‌ಸಿ ಕಾಲುವೆಯಲ್ಲಿ ಕಲಿತ ಈಜು ಮರೆಯುವುದಿಲ್ಲ, ಅಲ್ವಾ? ಹಾಗೆ. ತುಕ್ಕು ಹಿಡಿದಿದ್ದು ಬೇರೆ ಕಡೆ. ನಕ್ಷೆಯ ನೆರವಿಲ್ಲದೆ ವಿಮಾನ ಎಲ್ಲಿದೆ ಅಂತ ಲೆಕ್ಕ ಇಡುವುದು, ಮುಂದಿನ ಹೆಜ್ಜೆ ಯಾವುದು ಅಂತ ನಿರ್ಧರಿಸುವುದು, ಸುಳ್ಳು ಹೇಳುತ್ತಿರುವ ಮೀಟರ್ ಯಾವುದು ಅಂತ ಕಂಡುಹಿಡಿಯುವುದು. ಯಂತ್ರ ಹಾರಿಸುವಾಗಲೂ ಮನಸ್ಸನ್ನು ಅಲ್ಲೇ ಇಟ್ಟವರು ಇದರಲ್ಲಿ ಅಷ್ಟು ಹಿಂದೆ ಬಿದ್ದಿರಲಿಲ್ಲ.

ಅಮೆರಿಕದ ವಿಮಾನಯಾನ ನಿಯಂತ್ರಕರು 2013ರ ಜನವರಿಯಲ್ಲೇ, ಸೂಕ್ತ ಸಂದರ್ಭದಲ್ಲಿ ಪೈಲಟ್‌ಗಳು ಕೈಯಾರೆ ಹಾರಿಸಲಿ ಎಂದು ಸಂಸ್ಥೆಗಳಿಗೆ ಸಲಹೆ ಕೊಟ್ಟಿದ್ದರು. ಒಳ್ಳೆಯ ಮಾತು. ಆದರೆ ನನಗೆ ಇನ್ನೂ ಮುಖ್ಯ ಅನಿಸುವುದು ಕ್ಯಾಸ್ನರ್ ತಂಡದ 2013ರ ಇನ್ನೊಂದು ಪ್ರಯೋಗ. ಅಭ್ಯಾಸವಾದ ರೀತಿಯಲ್ಲೇ ತೊಂದರೆ ಬಂದಾಗ ಪೈಲಟ್‌ಗಳು ಸಲೀಸಾಗಿ ನಿಭಾಯಿಸಿದರು. ಅದೇ ತೊಂದರೆ ಅನಿರೀಕ್ಷಿತ ಗಳಿಗೆಯಲ್ಲಿ ಬಂದಾಗ ತಡವರಿಸಿದರು. ಯಾವ ಪ್ರಶ್ನೆ ಬರುತ್ತದೆ ಅಂತ ಮೊದಲೇ ಗೊತ್ತಿರುವ ಪರೀಕ್ಷೆಯಲ್ಲಿ ಪಾಸಾದವರು ನಿಜವಾಗಿ ತಯಾರಾಗಿದ್ದಾರಾ ಅಂತ ತಿಳಿಯುವುದು ಕಷ್ಟ. ಸಿಮ್ಯುಲೇಟರಿನ ಒಂದೊಂದು ಗಂಟೆಯೂ ದುಬಾರಿ, ನಿಜ. ಆದರೂ ಅದರಲ್ಲಿ ಒಂದಿಷ್ಟು ಹೊತ್ತನ್ನು ಅಂಕವಿಲ್ಲದೆ, ಮುನ್ಸೂಚನೆಯಿಲ್ಲದೆ ಬರುವ ತೊಂದರೆಗಳಿಗೇ ಮೀಸಲಿಡಬೇಕು. ಫೇಲಾಗುವ ಭಯವಿಲ್ಲದೆ ಅಲ್ಲೇ ತಪ್ಪು ಮಾಡಿ, ಅಲ್ಲೇ ತಿದ್ದಿಕೊಳ್ಳಲು ಅವರಿಗೆ ಅವಕಾಶ ಸಿಗಬೇಕು.